ನಡುರಾತ್ರಿಯ ಹಾಸ್ಯ, ನಡುರಾತ್ರಿಯ ಪದ್ಯ

ಮಾನ್ಯ ಅಧ್ಯಕ್ಷರೇ, ಹಿರಿಯರೇ, ಸ್ನೇಹಿತರೇ,

ಯಕ್ಷಗಾನದ ಮಾತು ಬಂದಾಗ ನಮ್ಮ ಕಡೆಯವರು ಮೊದಲು ನೆನೆಯುವುದು ದೊಡ್ಡ ವೇಷಗಳನ್ನು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರ, ಕೆರೆಮನೆ ಶಿವರಾಮ ಹೆಗಡೆಯವರ ಮತ್ತು ಶಂಭು ಹೆಗಡೆಯವರ ಪಾತ್ರಗಳು, ಕೆರೆಮನೆ ಮಹಾಬಲ ಹೆಗಡೆಯವರ ಗತ್ತು ಇವುಗಳ ಬಗ್ಗೆ ಈ ಉತ್ತರ ಕನ್ನಡ ಜಿಲ್ಲೆಯಲ್ಲಿ ಎಷ್ಟೋ ಸಭೆಗಳು ನಡೆದಿವೆ, ಇನ್ನೂ ನಡೆಯಬೇಕು. ನಾನು ಇಂದು ಮಾತಾಡಲು ಆರಿಸಿಕೊಂಡದ್ದು ಕಿರೀಟವಿಲ್ಲದ ವೇಷವನ್ನು. ನಡುರಾತ್ರಿ ಕಳೆದ ಮೇಲೆ ರಂಗಸ್ಥಳಕ್ಕೆ ಬರುತ್ತಿದ್ದ ಹಾಸ್ಯಗಾರರು, ಅವರ ಹಿಂದೆ ತಾಳ ಹಿಡಿದು ಕುಳಿತು ಪದ್ಯ ಹಾಡುವ ಭಾಗವತರು, ಆ ಇಬ್ಬರ ನಡುವೆ ನಡೆಯುತ್ತಿದ್ದ ಮಾತು, ಅದನ್ನು ನೋಡುತ್ತ ಕೇಳುತ್ತ ಬೆಳೆದ ಹದಿಹರೆಯದ ನಮ್ಮ ಒಂದು ಗುಂಪು, ಇಷ್ಟೇ ನನ್ನ ವಿಷಯ. ನಗುವುದಕ್ಕೆಂದು ಆಟಕ್ಕೆ, ಅಂದರೆ ಯಕ್ಷಗಾನದ ಪ್ರದರ್ಶನಕ್ಕೆ, ಹೋದ ಹುಡುಗರಿಗೆ ಸಂಗೀತವನ್ನು ಕೇಳಲು ಕಲಿಸಿದವರು ಹಾಸ್ಯಗಾರರೇ ಎಂಬುದನ್ನು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ನಾನು ಹೇಳುತ್ತಿರುವುದು 1980ರ ದಶಕದ ಮೊದಲ ವರ್ಷಗಳ ಮಾತು. ಹೊನ್ನಾವರದ ಕಡೆಯ ನಮ್ಮ ಹಳ್ಳಿಗೆ ಆಗ ಟಿ.ವಿ. ಬಂದಿರಲಿಲ್ಲ. ಸುಗ್ಗಿ ಮುಗಿದು ಗದ್ದೆಗಳು ಬರಿದಾದ ಮೇಲೆ ಯಕ್ಷಗಾನದ ತಂಡಗಳಾದ ಮೇಳಗಳು ಊರೂರು ತಿರುಗುತ್ತಿದ್ದವು, ಮಳೆ ಹಿಡಿಯುವವರೆಗೆ ಎಲ್ಲಾದರೂ ಒಂದು ಕಡೆ ಆಟ ಇದ್ದೇ ಇರುತ್ತಿತ್ತು. ಟಿಕೇಟಿಗೆ ದುಡ್ಡು ಹೊಂದಿದರೆ ಡೇರೆ ಮೇಳ, ಇಲ್ಲದಿದ್ದರೆ ಹರಕೆ ಬಯಲಾಟ. ಗುಂಡಬಾಳೆಯ ಮುಖ್ಯಪ್ರಾಣನ ಸನ್ನಿಧಿಯಲ್ಲಂತೂ ತಿಂಗಳುಗಟ್ಟಲೆ ಹರಕೆಯ ಆಟ ನಡೆಯುತ್ತಿದ್ದುದರಿಂದ ಕಿಸೆಯಲ್ಲಿ ಏನೂ ಇಲ್ಲದ ಹುಡುಗನೂ ಅಲ್ಲಿ ಬೆಳಗಿನವರೆಗೆ ಕೂರಬಹುದಿತ್ತು. ಎರಡು ವರ್ಷಕ್ಕೊಮ್ಮೆ ಶಿರಸಿಯ ಮಾರಿಕಾಂಬಾ ಜಾತ್ರೆ ಬಂದಾಗ ಘಟ್ಟ ಹತ್ತಿ ಹೋಗಿ, ನಾಟಕ ಕಂಪನಿಗಳ ಡೇರೆಗಳನ್ನು ದಾಟಿ ಆಟದ ಡೇರೆಯನ್ನೇ ಹುಡುಕುತ್ತಿದ್ದೆವು. ಕಂಬಳಿಯನ್ನೋ ಚಾಪೆಯನ್ನೋ ಬಗಲಲ್ಲಿ ಹಿಡಿದು, ಶೇಂಗಾದ ಪೊಟ್ಟಣ ಕಟ್ಟಿಸಿಕೊಂಡು, ಸಾಧ್ಯವಾದಷ್ಟೂ ಹಾಡುವವರು, ವಾದ್ಯದವರು ಇರುವ ಹಿಮ್ಮೇಳದ ಪಕ್ಕದಲ್ಲಿ ಜಾಗ ಹಿಡಿಯುವುದು ನಮ್ಮ ಕ್ರಮವಾಗಿತ್ತು. ನಮ್ಮ ಗುಂಪಿನಲ್ಲಿ ಹವ್ಯಕರ ಮನೆಯ ಮಾಣಿಗಳಿದ್ದರು, ನಾಮಧಾರಿ ಮತ್ತು ಹಾಲಕ್ಕಿ ಮನೆಗಳ ಹುಡುಗರಿದ್ದರು, ಮೀನುಗಾರಿಕೆಯ ಮನೆಯಿಂದ ಬಂದವನೊಬ್ಬನಿದ್ದ. ಹಗಲಿನಲ್ಲಿ ಒಬ್ಬರ ಮನೆಯ ಜಗಲಿ ಹತ್ತಲು ಇನ್ನೊಬ್ಬರು ಹಿಂಜರಿಯುತ್ತಿದ್ದ ಕಾಲವದು. ಆಟದ ಬಯಲಿನಲ್ಲಿ ಮಾತ್ರ ಎಲ್ಲರೂ ಒಂದೇ ಕಂಬಳಿಯ ಮೇಲೆ ಕೂತಿರುತ್ತಿದ್ದೆವು. ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ, ಏಕೆಂದರೆ ಹಾಸ್ಯದ ಗುಣದೋಷಗಳು ನಮಗೆ ಸ್ಪಷ್ಟವಾದದ್ದು ಆ ಕಂಬಳಿಯ ಮೇಲೆಯೇ.

ಇಡೀ ರಾತ್ರಿಯ ಆಟಕ್ಕೆ ಒಂದು ನಡೆ ಇತ್ತು. ಮೊದಲು ಚಂಡೆಯ ಪೆಟ್ಟು ದೂರದ ಊರುಗಳಿಗೆ ಆಟದ ಸುದ್ದಿ ಮುಟ್ಟಿಸುತ್ತಿತ್ತು. ಬಳಿಕ ಕಥೆಗೆ ಮುಂಚಿನ ಪೂರ್ವರಂಗದಲ್ಲಿ ಕೋಡಂಗಿಗಳು, ಬಾಲಗೋಪಾಲರು, ಸ್ತ್ರೀವೇಷಗಳು, ಆಮೇಲೆ ಮುಖ್ಯ ವೇಷಗಳ ವೈಭವದ ಪ್ರವೇಶವಾದ ಒಡ್ಡೋಲಗ, ಪ್ರಸಂಗದ, ಅಂದರೆ ಆ ರಾತ್ರಿಯ ಕಥೆಯ, ಪ್ರಾರಂಭ. ಆ ಹೊತ್ತಿನಲ್ಲಿ ಹಾಡುತ್ತಿದ್ದವರು ಹೆಚ್ಚಾಗಿ ಮೇಳದ ಕಿರಿಯ ಭಾಗವತರು. ಪ್ರಧಾನ ಭಾಗವತರು ಬಂದು ಕೂರುತ್ತಿದ್ದುದು ನಡುರಾತ್ರಿಯ ಸುಮಾರಿಗೆ. ಹಾಸ್ಯದ ದೊಡ್ಡ ಸನ್ನಿವೇಶಗಳು ಬರುತ್ತಿದ್ದುದೂ ಅದೇ ಹೊತ್ತಿಗೆ, ಮತ್ತು ಇದಕ್ಕೆ ರಂಗದ ಕಾರಣವೇ ಇತ್ತು. ಬಣ್ಣ ಹಚ್ಚುವ ಮನೆಯಾದ ಚೌಕಿಯಲ್ಲಿ ಮುಂದಿನ ದೊಡ್ಡ ವೇಷ ಕಟ್ಟಿ ಮುಗಿಯುವವರೆಗೆ ರಂಗಸ್ಥಳ ಖಾಲಿ ಬೀಳಬಾರದು, ಕಣ್ಣಿಗೆ ನಿದ್ದೆ ಹತ್ತುತ್ತಿರುವ ಜನ ಏಳಬೇಕು, ಕಥೆ ಹಿಡಿತ ತಪ್ಪಬಾರದು. ಈ ಮೂರನ್ನೂ ಒಬ್ಬನೇ ನಿಭಾಯಿಸಬೇಕಾದದ್ದು ಹಾಸ್ಯಗಾರನ ಹೊಣೆ. ವೇಷ ಕಟ್ಟುವುದು ತಡವಾಯಿತೆಂದು ಚೌಕಿಯಿಂದ ಸೂಚನೆ ಬಂದರೆ ಅವನು ಮಾತನ್ನು ಬೆಳೆಸಬೇಕು, ವೇಷ ಸಿದ್ಧವಾಯಿತೆಂದರೆ ಎಲ್ಲಿದ್ದರೂ ಮಡಿಸಿ ಕಥೆಗೆ ಮರಳಬೇಕು. ಮೇಳದ ಎಲ್ಲ ಪ್ರಸಂಗಗಳ ನಡೆಯೂ ಗೊತ್ತಿಲ್ಲದವನಿಗೆ ಇದು ಸಾಧ್ಯವಾಗದ ಕೆಲಸ.

ಯಕ್ಷಗಾನದಲ್ಲಿ ಪದ್ಯ ಮಾತ್ರ ಬರೆದಿಟ್ಟದ್ದು, ಅರ್ಥ, ಅಂದರೆ ಪಾತ್ರಧಾರಿ ಆಡುವ ಮಾತು, ಆಯಾ ರಾತ್ರಿ ಹುಟ್ಟುವುದು. ಇದು ಎಲ್ಲ ವೇಷಗಳಿಗೂ ಅನ್ವಯಿಸುವ ಮಾತಾದರೂ ರಾಜವೇಷಕ್ಕೆ ಪದ್ಯದ ಮತ್ತು ಪುರಾಣದ ಕಟ್ಟು ಬಿಗಿಯಾಗಿರುತ್ತದೆ. ದೂತ, ಚಾರ, ಕಂಸನ ಮಡಿವಾಳ, ಗದಾಯುದ್ಧದ ಬೇಹಿನಚರ ಇಂಥ ಪಾತ್ರಗಳಿಗೆ ಪದ್ಯಗಳು ಕಡಿಮೆ, ಕೆಲವೆಡೆ ಒಂದೆರಡೇ. ಉಳಿದದ್ದನ್ನು ಹಾಸ್ಯಗಾರನೇ ಕಟ್ಟಿಕೊಳ್ಳಬೇಕು, ಮತ್ತು ಅವನು ಅದನ್ನು ಒಬ್ಬನೇ ಕಟ್ಟುವುದಿಲ್ಲ. ಅವನೊಡನೆ ಮಾತಿಗೆ ನಿಲ್ಲುವವರು ಭಾಗವತರು. ಆಟದ ನಿರ್ದೇಶಕರೂ ಆಗಿರುವ ಭಾಗವತರು, ಹಿಂದಿನ ಕ್ಷಣದವರೆಗೆ ದೇವತೆಗಳ ಸ್ತುತಿಯನ್ನೋ ರಾಜನ ಶೋಕವನ್ನೋ ಹಾಡುತ್ತಿದ್ದವರು, ತಾಳವನ್ನು ತೊಡೆಯ ಮೇಲಿಟ್ಟು, ಗಂಭೀರವಾದ ಮುಖದಲ್ಲೇ ‘ಯಾರಪ್ಪಾ ನೀನು, ಎಲ್ಲಿಂದ ಬಂದೆ’ ಎಂದು ಕೇಳುತ್ತಿದ್ದರು. ಅವರು ನಗದೇ ಇದ್ದಷ್ಟೂ ನಾವು ಹೆಚ್ಚು ನಗುತ್ತಿದ್ದೆವು. ದೂತ ಏದುಸಿರು ಬಿಡುತ್ತ ಓಡಿಬಂದು, ತಾನು ತಂದ ಸುದ್ದಿ ಯಾವುದೆಂಬುದನ್ನೇ ಮರೆತು, ಅದನ್ನು ಭಾಗವತರಿಂದಲೇ ತಿಳಿದುಕೊಳ್ಳಲು ನಡೆಸುತ್ತಿದ್ದ ಉಪಾಯಗಳನ್ನು ನಾವು ಎಷ್ಟು ಮೇಳಗಳಲ್ಲಿ ನೋಡಿದ್ದರೂ ಬೇಸರಪಟ್ಟವರಲ್ಲ. ಪ್ರತಿಯೊಬ್ಬ ಹಾಸ್ಯಗಾರನೂ ಅದನ್ನು ಬೇರೆ ದಾರಿಯಿಂದ ತರುತ್ತಿದ್ದ, ಒಬ್ಬನೇ ಹಾಸ್ಯಗಾರ ಎರಡು ರಾತ್ರಿ ಒಂದೇ ದಾರಿ ಹಿಡಿಯುತ್ತಿರಲಿಲ್ಲ.

ಹಿಮ್ಮೇಳದ ಪಕ್ಕದಲ್ಲಿ ಕೂರುತ್ತಿದ್ದುದರಿಂದ ನಮಗೆ ಕ್ರಮೇಣ ಒಂದು ಸಂಗತಿ ಹೊಳೆಯಿತು. ಹಾಸ್ಯಗಾರರ ಮಾತಿಗೂ ಲಯವಿತ್ತು. ಮದ್ದಳೆಗಾರರು ಸುಮ್ಮನೆ ಕೂತಂತೆ ಕಂಡರೂ ಅವರ ಬೆರಳುಗಳು ಮಾತಿನ ನಡೆಯನ್ನು ಹಿಂಬಾಲಿಸುತ್ತಿದ್ದವು. ಹಾಸ್ಯಗಾರ ಒಂದು ಪ್ರಶ್ನೆ ಎಸೆದು ನಿಂತ ಕಡೆ ಮದ್ದಳೆ ಒಂದೇ ಪೆಟ್ಟಿನಲ್ಲಿ ಉತ್ತರ ಕೊಟ್ಟರೆ ಬಯಲೆಲ್ಲ ನಗುತ್ತಿತ್ತು, ಆ ಪೆಟ್ಟು ಸ್ವಲ್ಪ ತಡವಾಗಿ ಬಿದ್ದರೆ ಅದೇ ಮಾತಿಗೆ ಯಾರೂ ನಗುತ್ತಿರಲಿಲ್ಲ. ಕುಣಿತದಲ್ಲಿಯೂ ಹಾಗೆಯೇ. ಮುಕ್ತಾಯ ಬಿದ್ದ ಮೇಲೂ ಅರಿಯದವನಂತೆ ಒಂದು ಹೆಜ್ಜೆ ಹೆಚ್ಚು ಹಾಕಿ ಬೆಚ್ಚಿ ನಿಲ್ಲುವುದು ಹಾಸ್ಯಗಾರರ ಹಳೆಯ ಪಟ್ಟು. ಹಾಗೆ ತಾಳ ತಪ್ಪಿದಂತೆ ತೋರಿಸಬೇಕಾದರೆ ತಾಳ ಎಲ್ಲಿ ಮುಗಿಯುತ್ತದೆಂದು ಅವನಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಗೊತ್ತಿರಬೇಕು. ನೋಡುವವನಿಗೂ ಗೊತ್ತಿರಬೇಕು, ಇಲ್ಲದಿದ್ದರೆ ಅಲ್ಲಿ ನಗುವುದಕ್ಕೆ ಏನೂ ಇಲ್ಲ. ನಮ್ಮ ಗುಂಪು ತಾಳ ಕಲಿತದ್ದು ಹೀಗೆ. ತ್ರಿವುಡೆಯ ಏಳು ಅಕ್ಷರ, ಝಂಪೆಯ ಹತ್ತು ಅಕ್ಷರ ಎಂದು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹಾಸ್ಯಗಾರ ಎಲ್ಲಿ ತಪ್ಪುತ್ತಾನೆಂದು ಮೊದಲೇ ಊಹಿಸಿ, ಉಳಿದವರಿಗಿಂತ ಒಂದು ಕ್ಷಣ ಮುಂಚೆ ನಗುವ ಪೈಪೋಟಿಯಲ್ಲಿ ನಾವು ಎಣಿಸತೊಡಗಿದ್ದೆವು.

ಒಮ್ಮೆ ಎಣಿಕೆ ಕೈಗೆ ಬಂದ ಮೇಲೆ ಅದು ಹಾಸ್ಯದ ಸನ್ನಿವೇಶಕ್ಕೆ ಮಾತ್ರ ನಿಲ್ಲಲಿಲ್ಲ. ಮುಂದೆ ಬರುವ ಶೃಂಗಾರದ ಪದ್ಯದಲ್ಲಿ, ಯುದ್ಧದ ಪದ್ಯದಲ್ಲಿ ತೊಡೆ ತಟ್ಟುತ್ತ ಕೂತೆವು. ಭಾಮಿನಿ, ವಾರ್ಧಕ, ಕಂದ ಎಂಬ ಛಂದಸ್ಸಿನ ಪದ್ಯಗಳನ್ನು ಭಾಗವತರು ತಾಳವಿಲ್ಲದೆ ಬಿಡಿಯಾಗಿ ಹಾಡಿದಾಗ, ಎಣಿಸುವುದಕ್ಕೆ ಏನೂ ಇಲ್ಲದೆ ಕೈ ತಾನಾಗಿ ನಿಂತು, ಕಿವಿ ರಾಗದ ಕಡೆಗೆ ತಿರುಗುತ್ತಿತ್ತು. ಹದಿನಾರು ಹದಿನೇಳರ ಹುಡುಗರಿಗೆ ‘ರಾಗವನ್ನು ಕೇಳಿ’ ಎಂದರೆ ಯಾರು ಕೇಳುತ್ತಾರೆ? ನಗುವಿನ ಹಿಂದೆ ಹೋಗಿ ನಾವು ಅಲ್ಲಿಗೆ ತಲುಪಿದೆವು.

ಇದನ್ನು ಒಂದು ಪಾತ್ರದ ಮೂಲಕ ವಿವರಿಸಲು ಇಷ್ಟಪಡುತ್ತೇನೆ. ಅದು ದಮಯಂತಿ ಪುನಃಸ್ವಯಂವರದ ಬಾಹುಕ. ಕಥೆ ನಿಮಗೆಲ್ಲ ತಿಳಿದದ್ದು. ರಾಜ್ಯ ಕಳೆದುಕೊಂಡು ಹೆಂಡತಿಯನ್ನು ಕಾಡಿನಲ್ಲಿ ತೊರೆದ ನಳ, ಕಾರ್ಕೋಟಕನ ಕಡಿತದಿಂದ ರೂಪಗೆಟ್ಟು, ಬಾಹುಕನೆಂಬ ಹೆಸರಿನಿಂದ ಅಯೋಧ್ಯೆಯ ಋತುಪರ್ಣನ ಬಳಿ ಕುದುರೆ ನೋಡಿಕೊಂಡಿರುತ್ತಾನೆ. ದಮಯಂತಿಗೆ ಮತ್ತೆ ಸ್ವಯಂವರವೆಂಬ ಸುದ್ದಿ ಬರುತ್ತದೆ, ಒಂದೇ ದಿನದೊಳಗೆ ಕುಂಡಿನಪುರ ಸೇರಬೇಕು, ಅಷ್ಟು ವೇಗವಾಗಿ ರಥ ಹೊಡೆಯಬಲ್ಲವನು ಬಾಹುಕನೊಬ್ಬನೇ. ಈ ಪಾತ್ರವನ್ನು ರಾಜವೇಷದವರಿಗೆ ಕೊಡದೆ ಹಾಸ್ಯಗಾರರಿಗೆ ಕೊಟ್ಟ ನಮ್ಮ ಹಿರಿಯರ ರಂಗಬುದ್ಧಿಯ ಬಗ್ಗೆ ನನಗೆ ತುಂಬ ಗೌರವವಿದೆ. ಬಾಹುಕ ಬಂದ ಕೂಡಲೇ ಅವನ ನಡಿಗೆಗೆ, ಕುದುರೆಗಳೊಡನೆ ಅವನಾಡುವ ಮಾತಿಗೆ, ರಾಜನಿಗೆ ಅವನು ಕೊಡುವ ಅಡ್ಡ ಉತ್ತರಗಳಿಗೆ ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಆಮೇಲೆ ಸುದ್ದಿ ಬರುತ್ತಿತ್ತು. ನಾನು ನೋಡಿದ ಒಂದು ಆಟದಲ್ಲಿ ಹಾಸ್ಯಗಾರರು ಆ ಸುದ್ದಿಯನ್ನು ಕೇಳಿ, ಜನರ ಕಡೆಗೆ ಬೆನ್ನು ಹಾಕಿ, ಭಾಗವತರ ಕಡೆಗೆ ತಿರುಗಿ ನಿಂತರು. ಏನೂ ಮಾತಾಡಲಿಲ್ಲ. ಭಾಗವತರು ಸ್ವಲ್ಪ ಹೊತ್ತು ಕಾದು, ತಾಳವನ್ನು ನಿಧಾನಗೊಳಿಸಿ, ಮದ್ದಳೆಯೊಂದನ್ನೇ ಜೊತೆಗಿಟ್ಟುಕೊಂಡು ಪದ್ಯ ಎತ್ತಿದರು. ಹಿಂದೆ ಕೂತ ಕೆಲವರು ಆ ಬೆನ್ನನ್ನು ನೋಡಿ ಇನ್ನೂ ನಗುತ್ತಿದ್ದರು. ಪದ್ಯದ ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಆ ನಗುವೂ ನಿಂತಿತು. ಬಾಹುಕ ಮತ್ತೆ ನಮ್ಮ ಕಡೆ ತಿರುಗಿದಾಗ ಅದೇ ಮುಖಬಣ್ಣ, ಅದೇ ಡೊಂಕು ನಡಿಗೆ, ನಮಗೆ ಮಾತ್ರ ಕಂಡದ್ದು ನಳ.

ಆ ಕ್ಷಣವನ್ನು ಕುರಿತು ನಾನು ಬಹಳ ಯೋಚಿಸಿದ್ದೇನೆ. ಅಷ್ಟು ಹೊತ್ತು ನಾವು ನಕ್ಕದ್ದು ಒಬ್ಬ ನೊಂದ ಮನುಷ್ಯನ ರೂಪಕ್ಕೆ ಎಂದು ತಿಳಿಸಿಕೊಟ್ಟದ್ದು ಉಪದೇಶದ ಒಂದು ಮಾತೂ ಅಲ್ಲ, ಭಾಗವತರು ಬದಲಿಸಿದ ಲಯ. ಹಾಸ್ಯವಿಲ್ಲದೆ ಆ ಪದ್ಯವನ್ನು ಹಾಡಿದ್ದರೆ ಅದು ಎಷ್ಟೋ ಶೋಕದ ಪದ್ಯಗಳಲ್ಲಿ ಒಂದಾಗುತ್ತಿತ್ತು, ಪದ್ಯವಿಲ್ಲದೆ ಹಾಸ್ಯ ಮುಗಿದಿದ್ದರೆ ನಾವು ನಗುತ್ತಲೇ ಮನೆಗೆ ಹೋಗುತ್ತಿದ್ದೆವು. ಮೊದಲು ಅಷ್ಟು ದೀರ್ಘವಾಗಿ ನಗಿಸಿದ್ದರಿಂದಲೇ ಆ ಮೌನಕ್ಕೆ ಅಷ್ಟು ಬಲ ಬಂತು. ಹಾಗೆ ದೀರ್ಘವಾಗಿ ನಗಿಸಲು ಇಡೀ ರಾತ್ರಿಯ ಅವಕಾಶ ಬೇಕಿತ್ತು.

ಈಗ ಕಂಬಳಿಯ ಮಾತು. ಹಾಸ್ಯಗಾರರಿಗೆ ವೇಷಭೂಷಣದಲ್ಲಿ ಇದ್ದ ಸ್ವಾತಂತ್ರ್ಯ ಭಾಷೆಯಲ್ಲಿಯೂ ಇತ್ತು. ರಾಜರು ಗ್ರಂಥದ ಕನ್ನಡ ಆಡುವಾಗ ಇವರು ನಮ್ಮ ಮನೆಗಳ ಕನ್ನಡ ಆಡುತ್ತಿದ್ದರು. ಹವ್ಯಕರ ಭಟ್ಟರ ಮಾತು, ಗೌಡರ ಕೇರಿಯ ಮಾತು, ಬಂದರಿನ ಕೊಂಕಣಿ ಬೆರೆತ ಮಾತು, ಘಟ್ಟದ ಮೇಲಿನ ಮಾತು ಎಲ್ಲವೂ ರಂಗಸ್ಥಳಕ್ಕೆ ಬಂದದ್ದು ಅವರಿಂದ. ಆದರೆ ಎಲ್ಲ ಹಾಸ್ಯಗಾರರೂ ಅದನ್ನು ಒಂದೇ ಮನಸ್ಸಿನಿಂದ ತರುತ್ತಿರಲಿಲ್ಲ. ದುಡಿಯುವ ಜನರ ಉಚ್ಚಾರವನ್ನು ಎತ್ತಿ ಆಡಿ, ಅಷ್ಟರಿಂದಲೇ ನಗು ಹುಟ್ಟಿಸಿ ಕೈ ತೊಳೆದುಕೊಳ್ಳುವವರಿದ್ದರು. ಎರಡರ್ಥದ ಮಾತುಗಳನ್ನೇ ನಂಬಿದವರೂ ಇದ್ದರು. ಅಂಥ ರಾತ್ರಿ ನಮ್ಮ ಕಂಬಳಿಯ ಮೇಲೆ ಒಬ್ಬಿಬ್ಬರು ನಗದೆ ನೆಲ ನೋಡುತ್ತ ಕೂತಿರುತ್ತಿದ್ದರು, ಪಕ್ಕದಲ್ಲಿದ್ದ ಉಳಿದವರಿಗೂ ನಗುವುದು ಕಷ್ಟವಾಗುತ್ತಿತ್ತು. ಬೇರೆಬೇರೆ ಮನೆಗಳ ಹುಡುಗರು ಮೈಗೆ ಮೈ ತಾಗಿಸಿ ಕೂತು ನೋಡುವುದರ ಲಾಭ ಇದು. ಯಾವ ಹಾಸ್ಯ ಸರಿ, ಯಾವುದು ಅಲ್ಲ ಎಂಬುದನ್ನು ಗೆಳೆಯನ ಮುಖ ಹೇಳುತ್ತಿತ್ತು.

ಒಳ್ಳೆಯ ಹಾಸ್ಯಗಾರರು ಇದೇ ಮಾತುಗಳನ್ನು ಪೂರ್ತಿ ಬೇರೆಯಾಗಿ ಬಳಸುತ್ತಿದ್ದರು. ಕಂಸನ ಮಡಿವಾಳ ರಾಜನ ಬಟ್ಟೆಯ ಗಂಟು ಹೊತ್ತು ಬರುತ್ತ, ಯಾರ ಬಟ್ಟೆಯಲ್ಲಿ ಯಾವ ಕಲೆ ಇದೆಯೆಂದು ಒಂದೊಂದಾಗಿ ಹೇಳುತ್ತಿದ್ದಾಗ, ಅವನ ಬಾಯಿಂದ ಬರುತ್ತಿದ್ದ ಆ ಸೀದಾ ಊರಕನ್ನಡ ಅರಮನೆಯನ್ನೇ ವಿಚಾರಣೆಗೆ ನಿಲ್ಲಿಸುತ್ತಿತ್ತು. ಅಲ್ಲಿ ನಗೆಗೆ ಗುರಿಯಾಗುತ್ತಿದ್ದವನು ಕಂಸ. ಆ ಸನ್ನಿವೇಶ ಮುಗಿದಾಗ ನೆಲ ನೋಡಿ ಕೂರುತ್ತಿದ್ದ ಅದೇ ಗೆಳೆಯರು ಎಲ್ಲರಿಗಿಂತ ಗಟ್ಟಿಯಾಗಿ ನಕ್ಕದ್ದನ್ನು ನಾನು ಕಂಡಿದ್ದೇನೆ. ಅಂಕೋಲೆಯ ಕಡೆ ಸುಗ್ಗಿ ಹಬ್ಬದ ಹಗರಣಗಳಲ್ಲಿ ಜನರು ತಾವೇ ವೇಷ ಹಾಕಿ ಊರಿನ ಕುಂದುಕೊರತೆಗಳನ್ನು ಆಡಿ ತೋರಿಸುವ ಪದ್ಧತಿಯಿದೆಯಲ್ಲ, ಆ ಧೈರ್ಯವೇ ಇಲ್ಲಿಯೂ ಇತ್ತು.

ಹೊನ್ನಾವರದ ಪಕ್ಕದ ಕರ್ಕಿಯಲ್ಲಿ ಹಾಸ್ಯಗಾರ ಎಂಬುದೇ ಮನೆತನದ ಹೆಸರಾಗಿ, ತಲೆಮಾರುಗಳ ಕಾಲ ಕಲಾವಿದರನ್ನು ಕೊಟ್ಟ ಕುಟುಂಬವಿದೆ ಎಂಬುದನ್ನು ಇಲ್ಲಿ ನೆನೆಯಬೇಕು. 1842ರಲ್ಲಿ ಸಾಂಗ್ಲಿಯ ದೊರೆಯ ಮುಂದೆ ನಮ್ಮ ಕಡೆಯ ಮೇಳವೊಂದು ಆಟ ಆಡಿತು, ಅದರ ಪ್ರೇರಣೆಯಿಂದ ವಿಷ್ಣುದಾಸ ಭಾವೆ 1843ರಲ್ಲಿ ಸೀತಾ ಸ್ವಯಂವರವನ್ನು ರಂಗಕ್ಕೆ ತಂದರು, ಮರಾಠಿ ರಂಗಭೂಮಿ ತನ್ನ ಆರಂಭವನ್ನು ಅಲ್ಲಿಂದ ಲೆಕ್ಕ ಹಾಕುತ್ತದೆ. ಆ ಮೇಳ ಕರ್ಕಿಯದೇ ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಹಾಸ್ಯವನ್ನು ಇಷ್ಟು ದೊಡ್ಡ ವಿದ್ಯೆಯಾಗಿ ಕಂಡ ಜಿಲ್ಲೆ ನಮ್ಮದು.

ಸಂಗೀತದ ಕಡೆಗೆ ಮರಳುತ್ತೇನೆ. ನಮ್ಮ ಹರೆಯದ ಆ ವರ್ಷಗಳಲ್ಲಿಯೇ ಬಡಗುತಿಟ್ಟಿನ, ಅಂದರೆ ಯಕ್ಷಗಾನದ ಉತ್ತರದ ಶೈಲಿಯ, ಭಾಗವತಿಕೆಯಲ್ಲಿ ದೊಡ್ಡ ಅಲೆ ಎದ್ದಿತ್ತು. ಸಾಲಿಗ್ರಾಮ ಮೇಳದ ಗುಂಡ್ಮಿ ಕಾಳಿಂಗ ನಾವಡರು ನಮಗಿಂತ ತೀರಾ ಹಿರಿಯರೇನಲ್ಲ, 1958ರಲ್ಲಿ ಹುಟ್ಟಿದವರು. ಅವರ ಏರು ಕಂಠವನ್ನು ಕೇಳುವುದಕ್ಕೆಂದೇ ಹುಡುಗರು ಸೈಕಲ್ಲಿನ ಮೇಲೆ ಎಷ್ಟೋ ದೂರ ಹೋಗುತ್ತಿದ್ದರು. ಅವರ ಪದ್ಯಗಳ ಕ್ಯಾಸೆಟ್ಟುಗಳು ಚಹಾದಂಗಡಿಗಳಲ್ಲಿ ಹಗಲೆಲ್ಲ ಕೇಳುತ್ತಿದ್ದವು. 1990ರಲ್ಲಿ, ಇನ್ನೂ ಮೂವತ್ತೆರಡರ ಆಸುಪಾಸಿನಲ್ಲಿ ಅವರು ಅಪಘಾತದಲ್ಲಿ ತೀರಿಕೊಂಡ ಸುದ್ದಿ ಬಂದಾಗ, ಆ ಹೊತ್ತಿಗೆ ಬೇರೆಬೇರೆ ಊರು ಸೇರಿದ್ದ ನಮ್ಮ ಗುಂಪಿನವರು ಒಬ್ಬರಿಗೊಬ್ಬರು ಪತ್ರ ಬರೆದುಕೊಂಡೆವು. ಅದೇ ಕಾಲದಲ್ಲಿ ಕೆರೆಮನೆಯ ಇಡಗುಂಜಿ ಮೇಳದಲ್ಲಿ ನೆಬ್ಬೂರು ನಾರಾಯಣ ಭಾಗವತರು ಹಾಡುತ್ತಿದ್ದರು. 1934ರಲ್ಲಿ ಶಿವರಾಮ ಹೆಗಡೆಯವರು ಕಟ್ಟಿದ ಆ ಮೇಳದ ಆಟಗಳಲ್ಲಿ ಅವರ ಪದ್ಯ ಎಂದೂ ವೇಷವನ್ನು ಮೀರುತ್ತಿರಲಿಲ್ಲ, ಪಾತ್ರ ಕೇಳಿದಷ್ಟನ್ನು ಕೊಟ್ಟು ನಿಲ್ಲುತ್ತಿತ್ತು. ನಾವಡರೋ ನೆಬ್ಬೂರರೋ ಎಂದು ಬೆಳಗಿನ ಜಾವ ಮನೆಗೆ ನಡೆಯುವ ದಾರಿಯುದ್ದಕ್ಕೂ ನಾವು ವಾದ ಮಾಡುತ್ತಿದ್ದೆವು. ಆ ವಾದದಲ್ಲಿ ಯಾರೂ ಗೆದ್ದ ನೆನಪಿಲ್ಲ, ಆದರೆ ವಾದಿಸುವುದಕ್ಕಾಗಿ ಇಬ್ಬರನ್ನೂ ಗಮನವಿಟ್ಟು ಕೇಳಬೇಕಾಗುತ್ತಿತ್ತು. ನಮ್ಮಲ್ಲೊಬ್ಬ ತಗಡಿನ ಡಬ್ಬದ ಮೇಲೆ ಬಾರಿಸುತ್ತ ಬಾರಿಸುತ್ತ ಮುಂದೆ ನಿಜವಾದ ಮದ್ದಳೆಗೇ ಕುಳಿತ. ಉಳಿದವರು ಕೇಳುಗರಾಗಿಯೇ ಉಳಿದೆವು. ಒಳ್ಳೆಯ ಕೇಳುಗರಿಲ್ಲದೆ ಭಾಗವತಿಕೆ ಬದುಕುವುದಿಲ್ಲವಾದ್ದರಿಂದ ಅದನ್ನೂ ನಾನು ಒಂದು ಕೆಲಸವೆಂದೇ ಎಣಿಸುತ್ತೇನೆ.

ಇಂದು ಇಡೀ ರಾತ್ರಿಯ ಆಟಗಳು ಕಡಿಮೆಯಾಗಿ, ಮೂರು ಗಂಟೆ, ಮೂರೂವರೆ ಗಂಟೆಯ ಕಾಲಮಿತಿಯ ಪ್ರದರ್ಶನಗಳು ಹೆಚ್ಚಿವೆ. ಇದಕ್ಕೆ ಕಾರಣಗಳಿವೆ, ಅವು ಸುಳ್ಳಲ್ಲ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕದ ಬಳಕೆಗೆ ಕಟ್ಟುಪಾಡು ಹಾಕಿವೆ. ಮರುದಿನ ಕೆಲಸಕ್ಕೆ ಹೋಗಬೇಕಾದವರು ಬೆಳಗಿನವರೆಗೆ ಕೂರಲಾರರು, ಪರೀಕ್ಷೆಯಿರುವ ಮಕ್ಕಳನ್ನು ಮನೆಯವರು ಕಳಿಸಲಾರರು, ರಾತ್ರಿಯೆಲ್ಲ ಕುಣಿದು ಹಗಲು ಪ್ರಯಾಣ ಮಾಡುವ ಕಲಾವಿದರ ಆರೋಗ್ಯವನ್ನೂ ಯೋಚಿಸಬೇಕು. ಕಾಲಮಿತಿಯನ್ನು ನಾನು ವಿರೋಧಿಸುವುದಿಲ್ಲ. ನನ್ನ ಆಕ್ಷೇಪ ಕತ್ತರಿ ಬೀಳುವ ಕ್ರಮಕ್ಕೆ ಮಾತ್ರ. ಪ್ರಸಂಗವನ್ನು ಮೂರು ಗಂಟೆಗೆ ಇಳಿಸುವಾಗ ಮೊದಲು ಹೋಗುವುದು ಪೂರ್ವರಂಗ, ಅದರ ಬೆನ್ನಿಗೇ ಹೋಗುವುದು ಹಾಸ್ಯ. ದೂತ ಬಂದು ಎರಡು ವಾಕ್ಯದಲ್ಲಿ ಸುದ್ದಿ ಹೇಳಿ ಹೋಗುತ್ತಾನೆ. ಭಾಗವತರೊಡನೆ ಮಾತಿಲ್ಲ, ಮದ್ದಳೆಯ ಉತ್ತರವಿಲ್ಲ. ಉಳಿಸಿಕೊಂಡ ಕಡೆಯಲ್ಲಿಯೂ ಅದು ಬಿಡಿ ನಗೆಹನಿಯಾಗಿ, ಮೊಬೈಲಿನಲ್ಲಿ ತುಣುಕಾಗಿ ಹರಿದಾಡುವುದಕ್ಕೆ ತಕ್ಕಂತೆ ಸಿದ್ಧವಾಗಿ ಬರುತ್ತದೆ. ಆ ತುಣುಕುಗಳನ್ನು ನೋಡುವ ಹುಡುಗರು ನಗುತ್ತಾರೆ, ಹೌದು. ಆದರೆ ಬಾಹುಕ ಬೆನ್ನು ತಿರುಗಿಸಿ ನಿಲ್ಲುವ ಹೊತ್ತಿಗೆ ತುಣುಕು ಮುಗಿದಿರುತ್ತದೆ, ಪದ್ಯ ಅವರ ಕಿವಿಗೆ ಬೀಳುವುದೇ ಇಲ್ಲ.

ಈ ಸಭೆಯಲ್ಲಿ ಆಟ ಆಡಿಸುವವರಿದ್ದೀರಿ, ಮಕ್ಕಳಿಗೆ ಹೆಜ್ಜೆ ಕಲಿಸುವ ಗುರುಗಳಿದ್ದೀರಿ, ಹವ್ಯಾಸಿ ಭಾಗವತರಿದ್ದೀರಿ. ನಿಮ್ಮಲ್ಲಿ ನನ್ನ ಕೋರಿಕೆಗಳು ದೊಡ್ಡವಲ್ಲ. ಪ್ರಸಂಗವನ್ನು ಕಿರಿದು ಮಾಡುವಾಗ ಒಂದು ಯುದ್ಧವನ್ನು ಬಿಡಿ, ಒಂದು ಒಡ್ಡೋಲಗವನ್ನು ಮೊಟಕುಗೊಳಿಸಿ, ಹಾಸ್ಯಗಾರರಿಗೆ ಮತ್ತು ಭಾಗವತರಿಗೆ ಅರ್ಧ ಗಂಟೆಯನ್ನು ಯಾವ ಕರಾರೂ ಇಲ್ಲದೆ ಬಿಟ್ಟುಕೊಡಿ, ಏನು ಆಡಬೇಕೆಂದು ಮೊದಲೇ ಬರೆದು ಕೊಡಬೇಡಿ. ತರಬೇತಿ ಶಿಬಿರಗಳಲ್ಲಿ ಎಲ್ಲ ಮಕ್ಕಳೂ ಕಿರೀಟದ ವೇಷವನ್ನೇ ಕೇಳುತ್ತಾರೆ, ತಂದೆತಾಯಿಯರ ಆಸೆಯೂ ಅದೇ. ಮಾತಿನಲ್ಲಿ ಚುರುಕಾದ, ಲಯದಲ್ಲಿ ಗಟ್ಟಿಯಾದ ಒಂದೆರಡು ಮಕ್ಕಳನ್ನು ಆರಿಸಿ ದೂತನ ಪಾತ್ರವನ್ನು ಭಾಗವತರ ಜೊತೆಗೇ ಅಭ್ಯಾಸ ಮಾಡಿಸಿ. ಕೊನೆಯದಾಗಿ, ಸಭಾಭವನಗಳಲ್ಲಿ ಆಟ ಇಟ್ಟಾಗ ಮುಂದಿನ ಸಾಲನ್ನೆಲ್ಲ ಆಹ್ವಾನಿತರಿಗೆ ಕಾದಿರಿಸುತ್ತೀರಿ. ಹಿಮ್ಮೇಳದ ಪಕ್ಕದಲ್ಲಿ, ಮದ್ದಳೆಗಾರರ ಬೆರಳು ಕಾಣುವಷ್ಟು ಹತ್ತಿರದಲ್ಲಿ ಒಂದು ಜಮಖಾನ ಹಾಸಿ ಹೈಸ್ಕೂಲು, ಕಾಲೇಜಿನ ಹುಡುಗ ಹುಡುಗಿಯರಿಗೆ ಬಿಟ್ಟುಕೊಡಿ. ಹುಡುಗಿಯರೂ ಎಂದು ಒತ್ತಿ ಹೇಳುತ್ತಿದ್ದೇನೆ. ನಮ್ಮ ಕಾಲದಲ್ಲಿ ಅವರು ಅಮ್ಮಂದಿರ ಜೊತೆ ದೂರದಲ್ಲಿ ಕೂರಬೇಕಾಗಿತ್ತು, ಹಿಮ್ಮೇಳದ ಹತ್ತಿರ ಬರಲು ಅವರಿಗೆ ಅವಕಾಶವಿರಲಿಲ್ಲ. ಈಗ ಸಂಜೆ ಆರಕ್ಕೆ ಆರಂಭವಾಗಿ ಒಂಬತ್ತೂವರೆಗೆ ಮುಗಿಯುವ ಆಟಕ್ಕೆ ಅವರು ಬರಲು ಅಡ್ಡಿಯಿಲ್ಲ, ಮುಂದಿನ ತಿರುಗಾಟದ ಮೊದಲ ಆಟದಿಂದಲೇ ಇದನ್ನು ಮಾಡಿ ನೋಡಬಹುದು.

ಇಷ್ಟು ಹೊತ್ತು ಶಾಂತವಾಗಿ ಕೇಳಿದ ನಿಮಗೆಲ್ಲ ನಮಸ್ಕಾರ.